ಮಂಜಿನ ಬೆಟ್ಟಕ್ಕೊಂದು, ಹಿಮದ ಬೆಟ್ಟಕ್ಕೊಂದು: ಟೈರ್ ಆಯ್ಕೆಗೆ ಮುನ್ನ ತಿಳಿದಿರಬೇಕಾದ ಸಂಗತಿಗಳು

ಚಿಕ್ಕಬಳ್ಳಾಪುರ: ಕಾರ್ತಿಕ ಮಾಸ ಕಾಲಿಟ್ಟಿತೆಂದರೆ ನಂದಿ ಬೆಟ್ಟದ ದಾರಿಯಲ್ಲಿ ಬೆಳಗಿನ ಜಾವವೇ ವಾಹನಗಳ ಸಾಲು ಆರಂಭವಾಗುತ್ತದೆ. ಸೂರ್ಯೋದಯವನ್ನೂ ಮೋಡಗಳ ತೆರೆಯನ್ನೂ ಕಾಣುವ ತವಕದಲ್ಲಿ ಬೆಂಗಳೂರಿನಿಂದ ಬರುವವರು ಒಂದೆಡೆಯಾದರೆ, ಡಿಸೆಂಬರ್ ರಜೆಗೆ ಮನಾಲಿ, ಗುಲ್ಮಾರ್ಗ್‌ಗಳ ಹಿಮ ನೋಡಲು ಸ್ವಂತ ಕಾರಿನಲ್ಲೇ ಹೊರಡುವ ಉತ್ಸಾಹಿಗಳು ಇನ್ನೊಂದೆಡೆ. ಇಬ್ಬರೂ ಎಂಜಿನ್ ಆಯಿಲ್ ಬದಲಿಸುತ್ತಾರೆ, ಬ್ರೇಕ್ ತೋರಿಸುತ್ತಾರೆ. ಆದರೆ ವಾಹನಕ್ಕೂ ರಸ್ತೆಗೂ ಇರುವ ಏಕೈಕ ಸಂಪರ್ಕವಾದ ಟೈರ್‌ನತ್ತ ಕಣ್ಣು ಹಾಯಿಸುವವರು ವಿರಳ.

ಕಾರೊಂದರ ಪ್ರತಿ ಟೈರ್ ಯಾವುದೇ ಕ್ಷಣದಲ್ಲಿ ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ನಾಲ್ಕು ಅಂಗೈಗಳ ಹಿಡಿತದ ಮೇಲೆ ಇಡೀ ಕುಟುಂಬದ ಜೀವ ನಿಂತಿರುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಮಂಜು ಬೇರೆ, ಹಿಮ ಬೇರೆ

ಮಾತಿನಲ್ಲಿ ನಾವು ಕಾವಳವನ್ನೂ ಮಂಜು ಎನ್ನುತ್ತೇವೆ, ಹಿಮವನ್ನೂ ಮಂಜು ಎನ್ನುತ್ತೇವೆ. ಆದರೆ ಟೈರ್‌ಗೆ ಇವೆರಡೂ ಬೇರೆ ಬೇರೆ. ಸಮುದ್ರ ಮಟ್ಟದಿಂದ 1,478 ಮೀಟರ್ ಎತ್ತರದ ನಂದಿ ಬೆಟ್ಟದಲ್ಲಿ ಹಿಮ ಬೀಳುವುದಿಲ್ಲ. ಎತ್ತರ 1,000 ಮೀಟರ್ ಏರಿದಂತೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಸುಮಾರು 900 ಮೀಟರ್ ಎತ್ತರದಲ್ಲಿರುವ ಚಿಕ್ಕಬಳ್ಳಾಪುರ ಪಟ್ಟಣಕ್ಕಿಂತ ಬೆಟ್ಟದ ನೆತ್ತಿ ಮೂರೂವರೆ, ನಾಲ್ಕು ಡಿಗ್ರಿಯಷ್ಟು ತಂಪಾಗಿರಬಹುದು, ಅಷ್ಟೇ. ಅಲ್ಲಿರುವ ಅಪಾಯ ಎರಡು: ಕಾವಳದಿಂದ ಎದುರಿನದು ಕಾಣದಿರುವುದು ಮತ್ತು ಇಬ್ಬನಿ, ತುಂತುರು ಮಳೆಯಿಂದ ಒದ್ದೆಯಾದ ತಿರುವುಗಳಲ್ಲಿ ಚಕ್ರ ಜಾರುವುದು.

ಹಿಮಾಲಯದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಬಿದ್ದ ಹಿಮ ವಾಹನಗಳ ಭಾರಕ್ಕೆ ಗಟ್ಟಿಯಾಗುತ್ತದೆ, ಹಗಲು ಕರಗಿದ ನೀರು ರಾತ್ರಿ ಮತ್ತೆ ಹೆಪ್ಪುಗಟ್ಟಿ ಡಾಂಬರಿನ ಮೇಲೆ ಕಣ್ಣಿಗೆ ಕಾಣದ ಗಾಜಿನ ಪದರದಂತೆ ಕೂರುತ್ತದೆ. ಆದ್ದರಿಂದ ನಂದಿಗೆ ಬೇಕಾದ ಟೈರ್ ಯಾವುದು, ಹಿಮದ ಊರಿಗೆ ಬೇಕಾದ ಟೈರ್ ಯಾವುದು ಎಂಬ ಎರಡು ಪ್ರಶ್ನೆಗಳನ್ನು ಬೇರೆಯಾಗಿಯೇ ಕೇಳಿಕೊಳ್ಳಬೇಕು.

ನಿಲ್ಲಲು ಎಷ್ಟು ದೂರ ಬೇಕು?

2023ರ ಅಕ್ಟೋಬರ್ 26ರ ಮುಂಜಾನೆ ಚಿಕ್ಕಬಳ್ಳಾಪುರದ ಹೊರವಲಯದ ಚಿತ್ರಾವತಿ ಬಳಿ, ರಾಷ್ಟ್ರೀಯ ಹೆದ್ದಾರಿ 44ರಲ್ಲಿ ನಿಂತಿದ್ದ ಟ್ಯಾಂಕರ್‌ಗೆ ಬಾಗೇಪಲ್ಲಿ ಕಡೆಯಿಂದ ಬರುತ್ತಿದ್ದ ವಾಹನ ಡಿಕ್ಕಿ ಹೊಡೆದು 13 ಮಂದಿ ಮೃತಪಟ್ಟರು. ಆ ಹೊತ್ತಿನಲ್ಲಿ ರಸ್ತೆಯ ಮೇಲೆ ದಟ್ಟ ಮಂಜು ಕವಿದಿತ್ತು. ಅಂತಹ ಸನ್ನಿವೇಶದಲ್ಲಿ ಎಷ್ಟು ಒಳ್ಳೆಯ ಟೈರ್ ಇದ್ದರೂ ಕಾಣದುದನ್ನು ಅದು ಕಾಣಿಸಲಾರದು. ಕಂಡ ಮೇಲೆ ನಿಲ್ಲಲು ಬೇಕಾದ ದೂರವನ್ನು ಕಡಿಮೆ ಮಾಡುವುದಷ್ಟೇ ಟೈರ್‌ನ ಕೆಲಸ.

ಲೆಕ್ಕ ಸರಳವಾಗಿದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುವ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ಅಪಾಯ ಕಂಡು ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಈ 17 ಮೀಟರ್ ಕಳೆದೇಹೋಗಿರುತ್ತದೆ. ಅನಂತರ ವಾಹನ ನಿಲ್ಲಲು ಒಣ ರಸ್ತೆಯಲ್ಲಿ ಸುಮಾರು 20 ಮೀಟರ್, ಒದ್ದೆ ರಸ್ತೆಯಲ್ಲಿ 35 ಮೀಟರ್, ಗಟ್ಟಿಯಾದ ಹಿಮದ ಮೇಲೆ 70 ಮೀಟರ್, ನೀರ್ಗಲ್ಲಿನ ಮೇಲೆ 140 ಮೀಟರ್ ಬೇಕಾಗಬಹುದು. ಟೈರ್, ರಸ್ತೆ, ಭಾರಗಳಿಗೆ ತಕ್ಕಂತೆ ಈ ಅಂಕಿಗಳು ಹೆಚ್ಚುಕಡಿಮೆಯಾಗುತ್ತವೆ. ಆದರೆ ಅವುಗಳ ನಡುವಿನ ಅಂತರ ಮಾತ್ರ ಹೀಗೆಯೇ ಇರುತ್ತದೆ.

ಕಾವಳದಲ್ಲಿ 30 ಮೀಟರ್‌ಗಿಂತ ಮುಂದೆ ಏನೂ ಕಾಣದಿದ್ದರೆ, ಒದ್ದೆಯಾದ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗವೇ ಗರಿಷ್ಠ. ಇಳಿಜಾರಿನಲ್ಲಿ ಅದೂ ಹೆಚ್ಚೇ. ನಂದಿಯಿಂದ ಇಳಿಯುವಾಗ 20ರಿಂದ 25 ಕಿ.ಮೀ. ವೇಗದಲ್ಲಿ, ಎರಡನೇ ಗೇರಿನಲ್ಲಿ ಎಂಜಿನ್ ಹಿಡಿತಕ್ಕೆ ವಾಹನ ಒಪ್ಪಿಸಿ ಬರುವುದು ಅನುಭವಿ ಚಾಲಕರ ರೂಢಿ.

ಚಳಿಗಾಲದ ಟೈರ್ ಎಂದರೇನು?

ನಮ್ಮಲ್ಲಿ ಮಾರಾಟವಾಗುವ ಸಾಮಾನ್ಯ ಟೈರ್‌ಗಳ ರಬ್ಬರ್ ಬಿಸಿಲಿನ ರಸ್ತೆಗೆ ತಕ್ಕಂತೆ ಸಿದ್ಧವಾದುದು. ಉಷ್ಣಾಂಶ 7 ಡಿಗ್ರಿಗಿಂತ ಕೆಳಗಿಳಿದಂತೆ ಅದು ಬಿರುಸಾಗುತ್ತಾ ಹೋಗಿ ನೆಲದ ಸಣ್ಣ ಏರುತಗ್ಗುಗಳನ್ನು ಹಿಡಿಯುವ ಗುಣ ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರ್‌ನ ರಬ್ಬರ್ ಮಿಶ್ರಣ ಕೊರೆಯುವ ಚಳಿಯಲ್ಲೂ ಮೆದುವಾಗಿಯೇ ಉಳಿಯುತ್ತದೆ.

ಎರಡನೆಯ ವ್ಯತ್ಯಾಸ ಮೇಲ್ಮೈಯ ವಿನ್ಯಾಸದಲ್ಲಿದೆ. ಟೈರ್ ಅಂಗಡಿಗಳವರು ಬಟನ್ ಎಂದು ಕರೆಯುವ ರಬ್ಬರ್ ದಿಮ್ಮಿಗಳ ಮೇಲೆ ಚಾಕುವಿನಿಂದ ಸೀಳಿದಂತಹ ನೂರಾರು ಸಣ್ಣ ಗೀರುಗಳಿರುತ್ತವೆ. ಚಕ್ರ ಉರುಳಿದಂತೆ ಇವು ಬಾಯಿ ತೆರೆದು ಹಿಮವನ್ನು ಕಚ್ಚುತ್ತವೆ. ಅಗಲವಾದ ಕಾಲುವೆಗಳಲ್ಲಿ ಹಿಮ ತುಂಬಿಕೊಳ್ಳುತ್ತದೆ. ಹಿಮ ಹಿಮಕ್ಕೆ ಅಂಟುತ್ತದೆಯೇ ಹೊರತು ನುಣುಪಾದ ರಬ್ಬರ್‌ಗಲ್ಲ. ಮಕ್ಕಳು ಹಿಮದುಂಡೆ ಕಟ್ಟುವಾಗ ಕೆಲಸ ಮಾಡುವ ತತ್ವವೇ ಇಲ್ಲೂ ಕೆಲಸ ಮಾಡುತ್ತದೆ.

ಈ ವಿದ್ಯೆಗೆ ತವರು ಫಿನ್ಲೆಂಡ್. ಇಂದು ನೋಕಿಯನ್ ಹೆಸರಿನಲ್ಲಿ ಪರಿಚಿತವಾಗಿರುವ ಕಂಪನಿಯ ಪೂರ್ವಜ ಸಂಸ್ಥೆ 1934ರಲ್ಲಿ ಲಾರಿಗಳಿಗಾಗಿ ಮೊದಲ ಚಳಿಗಾಲದ ಟೈರ್ ತಯಾರಿಸಿತು. 1936ರಲ್ಲಿ ಕಾರುಗಳ ಸರದಿ ಬಂತು.

ಗುರುತು ಓದುವುದು ಹೇಗೆ?

ಟೈರ್‌ನ ಪಕ್ಕದ ಗೋಡೆಯ ಮೇಲಿನ ಅಚ್ಚು ಅದರ ಜಾತಕವಿದ್ದಂತೆ. 185/65 ಆರ್ 15 88 ಎಚ್ ಎಂದಿದ್ದರೆ, ಅಗಲ 185 ಮಿಲಿಮೀಟರ್, ಗೋಡೆಯ ಎತ್ತರ ಆ ಅಗಲದ ಶೇ. 65, ಆರ್ ಎಂದರೆ ರೇಡಿಯಲ್, ಡಿಸ್ಕಿನ ಅಡ್ಡಳತೆ 15 ಅಂಗುಲ ಎಂದರ್ಥ. 88 ಎಂಬುದು ಭಾರದ ಸೂಚ್ಯಂಕ. ಅಂದರೆ ಆ ಟೈರ್ 560 ಕಿಲೋ ಹೊರಬಲ್ಲದು. ಎಚ್ ಅಕ್ಷರ ಗಂಟೆಗೆ 210 ಕಿ.ಮೀ. ವೇಗದ ಮಿತಿಯನ್ನು ಹೇಳುತ್ತದೆ. ಟಿ ಇದ್ದರೆ 190, ವಿ ಇದ್ದರೆ 240.

ವೇಗದ ಅಕ್ಷರಕ್ಕೆ ಮರುಳಾಗುವ ಖರೀದಿದಾರರು ಭಾರದ ಸೂಚ್ಯಂಕವನ್ನು ಗಮನಿಸುವುದಿಲ್ಲ. ಐದು ಜನ, ಮೇಲೆ ಕ್ಯಾರಿಯರ್ ತುಂಬ ಸಾಮಾನು ಹೇರಿ ಬೆಟ್ಟ ಹತ್ತುವವರು ಮೊದಲು ನೋಡಬೇಕಾದುದು ಇದನ್ನೇ. ಕಂಪನಿ ಸೂಚಿಸಿದ್ದಕ್ಕಿಂತ ಕಡಿಮೆ ಸೂಚ್ಯಂಕದ ಟೈರ್ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬಾರದು.

ತಯಾರಾದ ದಿನಾಂಕವೂ ಅಲ್ಲಿಯೇ ಇರುತ್ತದೆ. ಮೊಟ್ಟೆಯಾಕಾರದ ಚೌಕಟ್ಟಿನೊಳಗೆ 2324 ಎಂದಿದ್ದರೆ ಅದು 2024ರ 23ನೇ ವಾರದ ಟೈರ್. ಅಂಗಡಿಯಲ್ಲಿ ಹೊಳೆಯುತ್ತಿದ್ದರೂ ನಾಲ್ಕೈದು ವರ್ಷ ಗೋದಾಮಿನಲ್ಲಿ ಕುಳಿತ ಸರಕು ಹೊಸದೆನಿಸದು. ಬಳಕೆಗೆ ಬಂದು 5 ವರ್ಷವಾದ ಟೈರನ್ನು ಪ್ರತಿ ವರ್ಷ ಪರೀಕ್ಷಿಸಬೇಕು, ಎಷ್ಟೇ ಬಟನ್ ಉಳಿದಿದ್ದರೂ 10 ವರ್ಷ ಮೀರಿ ಓಡಿಸಬಾರದು ಎಂಬುದು ಪ್ರಮುಖ ತಯಾರಕರ ಸಲಹೆ. ನಮ್ಮ ದೇಶದಲ್ಲಿ ಮಾರುವ ಟೈರ್‌ಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯ. ಕಾರಿನ ಟೈರ್‌ಗಳಿಗೆ ಐಎಸ್ 15633 ಎಂಬ ಸಂಖ್ಯೆ ಇರುತ್ತದೆ.

ಹಿಮದ ವಿಷಯಕ್ಕೆ ಬಂದರೆ ಎರಡು ಗುರುತುಗಳಿವೆ. ಎಂ ಪ್ಲಸ್ ಎಸ್ ಎಂಬುದು ಕೆಸರು ಮತ್ತು ಹಿಮಕ್ಕೆ ಒಗ್ಗುವ ವಿನ್ಯಾಸವೆಂದು ತಯಾರಕರೇ ಹೇಳಿಕೊಳ್ಳುವ ಮಾತು. ಅದಕ್ಕೆ ಪರೀಕ್ಷೆಯ ಆಧಾರ ಬೇಕಿಲ್ಲ. ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳೊಂದನ್ನು ಬರೆದ ಚಿಹ್ನೆ ಇದ್ದರೆ ಮಾತ್ರ ಆ ಟೈರ್ ಹಿಮದ ಮೇಲೆ ನಿಗದಿತ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂದರ್ಥ. ಜರ್ಮನಿ 2024ರ ಅಕ್ಟೋಬರ್ 1ರಿಂದ ಈ ಚಿಹ್ನೆಯಿರುವ ಟೈರ್‌ಗಳನ್ನು ಮಾತ್ರ ಚಳಿಗಾಲದ ಟೈರ್ ಎಂದು ಪರಿಗಣಿಸುತ್ತಿದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ. ಆಸ್ಟ್ರಿಯದಲ್ಲಿ ಅಂತಹ ರೇಡಿಯಲ್ ಟೈರ್‌ನ ಬಟನ್ ಕನಿಷ್ಠ 4 ಮಿಲಿಮೀಟರ್ ಇರಲೇಬೇಕು. ಈ ದೇಶಗಳಿಗೆ ಹೊಸದಾಗಿ ಉದ್ಯೋಗಕ್ಕೆ ತೆರಳಿದ ಕನ್ನಡಿಗರು ಹಳೆಯ ಕಾರು ಕೊಳ್ಳುವಾಗ ಜೊತೆಗೆ ಚಳಿಗಾಲದ ಟೈರ್‌ಗಳ ಜೋಡಿಯೂ ಬರುತ್ತದೆಯೇ, ಅವುಗಳ ವಯಸ್ಸೆಷ್ಟು ಎಂದು ಕೇಳಿ ತಿಳಿಯುವುದು ಒಳಿತು.

ನಂದಿಗೆ ಚಳಿಗಾಲದ ಟೈರ್ ಬೇಕೆ?

ಬೇಡ. ನಮ್ಮ ಹವೆಯಲ್ಲಿ ಅದು ಅನಗತ್ಯ ಮಾತ್ರವಲ್ಲ, ಅಪಾಯಕಾರಿಯೂ ಹೌದು. ಮಧ್ಯಾಹ್ನದ ಕಾದ ಡಾಂಬರಿನ ಮೇಲೆ ಮೆದು ರಬ್ಬರ್ ಬೇಗ ಸವೆಯುತ್ತದೆ, ತಿರುವಿನಲ್ಲಿ ವಾಲುತ್ತದೆ, ಬ್ರೇಕ್ ಹಾಕಿದಾಗ ಸಾಮಾನ್ಯ ಟೈರ್‌ಗಿಂತ ಹೆಚ್ಚು ದೂರ ಎಳೆದೊಯ್ಯುತ್ತದೆ.

ಇಲ್ಲಿ ಬೇಕಾದುದು ಒದ್ದೆ ರಸ್ತೆಯಲ್ಲಿ ಚೆನ್ನಾಗಿ ಹಿಡಿಯುವ, ಕಾಲುವೆಗಳು ಆಳವಾಗಿ ಉಳಿದಿರುವ ಸಾಮಾನ್ಯ ಟೈರ್. ರಸ್ತೆಯ ಮೇಲೆ ನಿಂತ ನೀರನ್ನು ಈ ಕಾಲುವೆಗಳೇ ಪಕ್ಕಕ್ಕೆ ತಳ್ಳುತ್ತವೆ. ಅವು ಸವೆದಿದ್ದರೆ ನೀರಿಗೆ ದಾರಿಯಿಲ್ಲದೆ ಚಕ್ರ ನೀರಿನ ಪದರದ ಮೇಲೆ ತೇಲುತ್ತದೆ. ಆಗ ಸ್ಟೀರಿಂಗ್ ತಿರುಗಿಸಿದರೂ ಕಾರು ತಿರುಗದು, ಬ್ರೇಕ್ ತುಳಿದರೂ ನಿಲ್ಲದು.

ಕಾನೂನಿನ ಪ್ರಕಾರ ಕಾರಿನ ಟೈರ್ ಬಟನ್ 1.6 ಮಿಲಿಮೀಟರ್‌ಗಿಂತಲೂ, ದ್ವಿಚಕ್ರ ವಾಹನದ್ದು 0.8 ಮಿಲಿಮೀಟರ್‌ಗಿಂತಲೂ ಕಡಿಮೆಯಿರುವಂತಿಲ್ಲ. ಇದನ್ನು ಅಳೆಯಲು ಉಪಕರಣ ಬೇಕಿಲ್ಲ. ಕಾಲುವೆಯ ತಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರ್ ಅಡ್ಡಗಟ್ಟೆಗಳಿರುತ್ತವೆ. ಬಟನ್ ಸವೆದು ಅವುಗಳ ಮಟ್ಟಕ್ಕೆ ಬಂತೆಂದರೆ ಟೈರ್‌ನ ಆಯುಷ್ಯ ಮುಗಿಯಿತು. ಆದರೆ ಇದು ಕಾನೂನಿನ ಕೊನೆಯ ಗಡಿ ಮಾತ್ರ. ಮಳೆಗಾಲದ ಘಾಟಿ ಪ್ರಯಾಣಕ್ಕೆ 3 ಮಿಲಿಮೀಟರ್ ಉಳಿದಿರುವಾಗಲೇ ಬದಲಿಸುವುದು ವಿವೇಕ. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳಿಗೂ ಈ ಮಾತು ಅನ್ವಯಿಸುತ್ತದೆ.

ಬೆಟ್ಟದ ರಸ್ತೆ ಸದಾ ಒಂದೇ ಸ್ಥಿತಿಯಲ್ಲಿರುತ್ತದೆಂದು ನಂಬುವಂತಿಲ್ಲ. 2021ರ ಆಗಸ್ಟ್‌ನಲ್ಲಿ ಭಾರೀ ಮಳೆಗೆ ಮಣ್ಣು ಕುಸಿದು ನಂದಿ ಬೆಟ್ಟದ ರಸ್ತೆ ಕೊಚ್ಚಿಹೋಗಿ ತಿಂಗಳುಗಟ್ಟಲೆ ಪ್ರವಾಸಿಗರಿಗೆ ಬಾಗಿಲು ಮುಚ್ಚಿತ್ತು. ಮಳೆಯ ಮರುದಿನ ತಿರುವಿನಲ್ಲಿ ಕೆಸರು, ಜಲ್ಲಿ ಹರಡಿರುವುದು ಸಾಮಾನ್ಯ.

ದ್ವಿಚಕ್ರ ಸವಾರರ ಪಾಡು

ಮುಂಜಾನೆ ನಂದಿಗೆ ಬರುವವರಲ್ಲಿ ಬೈಕ್ ಸವಾರ ಯುವಕರು ಬಹಳ. ನಿತ್ಯ ನೇರ ರಸ್ತೆಯಲ್ಲೇ ಓಡಿದ ಬೈಕಿನ ಹಿಂದಿನ ಟೈರ್ ನಡುವೆ ಸವೆದು ಚಪ್ಪಟೆಯಾಗಿರುತ್ತದೆ, ಅಂಚಿನ ಬಟನ್ ಮಾತ್ರ ಹೊಸದರಂತೆ ಕಾಣುತ್ತದೆ. ತಿರುವಿನಲ್ಲಿ ಬೈಕ್ ವಾಲಿದಾಗ ಈ ಚಪ್ಪಟೆ ಭಾಗದಿಂದ ಅಂಚಿಗೆ ಹೊರಳುವ ಕ್ಷಣದಲ್ಲಿ ಚಕ್ರ ತಟ್ಟನೆ ಜಾರುತ್ತದೆ. ಹೊಸ ಟೈರ್ ಹಾಕಿಸಿಕೊಂಡವರು ಮೊದಲ 100 ಕಿ.ಮೀ.ವರೆಗಾದರೂ ಬೆಟ್ಟದ ಕಡೆ ಮುಖ ಮಾಡದಿರುವುದು ಕ್ಷೇಮ. ಹೊಸ ರಬ್ಬರ್‌ನ ನುಣುಪು ಹೋಗಲು ಅಷ್ಟು ಓಟ ಬೇಕು. ಪಕ್ಕದಲ್ಲಿ ಬಾಣದ ಗುರುತಿದ್ದರೆ ಚಕ್ರ ತಿರುಗುವ ದಿಕ್ಕಿಗೇ ಅದನ್ನು ಕೂರಿಸಿದ್ದಾರೆಯೇ ಎಂದು ನೋಡಬೇಕು.

ಸರಕು ವಾಹನಗಳ ಹೊಣೆ

ಹೊನ್ನಾವರದಿಂದ ಚಿತ್ತೂರಿನತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 69 ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಪಟ್ಟಣಗಳನ್ನು ಒಂದೇ ದಾರದಲ್ಲಿ ಪೋಣಿಸುತ್ತದೆ. ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು, ಚಿಂತಾಮಣಿಗೆ ಟೊಮೆಟೊ, ಬೆಂಗಳೂರಿಗೆ ಹೂವು ಮತ್ತು ದ್ರಾಕ್ಷಿ ಸಾಗಿಸುವ ವಾಹನಗಳು ಓಡುವುದು ಕಾವಳ ಕವಿಯುವ ಹೊತ್ತಿನಲ್ಲಿಯೇ. ಬೆಲೆಯ ಕಾರಣಕ್ಕೆ ಇವುಗಳಲ್ಲಿ ರೀಸೋಲ್ ಟೈರ್ ಬಳಕೆ ಹೆಚ್ಚು. ಒಳ್ಳೆಯ ಕಡೆ ರೀಸೋಲ್ ಮಾಡಿಸಿದ ಟೈರ್ ಹಿಂದಿನ ಚಕ್ರಗಳಿಗೆ ನಡೆಯುತ್ತದೆ. ಮುಂದಿನ ಚಕ್ರಗಳಿಗೆ ಮಾತ್ರ ಬಳಸದಿರುವುದು ಲೇಸು. ಅಲ್ಲಿ ಪದರ ಕಿತ್ತು ಬಂದರೆ ಸ್ಟೀರಿಂಗ್ ಕೈ ತಪ್ಪುತ್ತದೆ. ಪಂಕ್ಚರ್ ಆಗಿ ರಸ್ತೆ ಬದಿ ನಿಲ್ಲಿಸಲೇಬೇಕಾದಾಗ ಡಾಂಬರಿನಿಂದ ಪೂರ್ತಿ ಕೆಳಗಿಳಿಸಿ, ಎಚ್ಚರಿಕೆಯ ದೀಪ ಹಾಗೂ ತ್ರಿಕೋನ ಫಲಕ ಇಡುವುದು ಹಿಂದೆ ಬರುವವರ ಪ್ರಾಣ ಉಳಿಸುವ ಕೆಲಸ.

ಹಿಮದ ಊರಿಗೆ ಹೊರಡುವವರಿಗೆ

2020ರ ಅಕ್ಟೋಬರ್ 3ರಂದು ಉದ್ಘಾಟನೆಗೊಂಡ, 9.02 ಕಿ.ಮೀ. ಉದ್ದದ ಅಟಲ್ ಸುರಂಗದಿಂದಾಗಿ 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆಯನ್ನು ಏರದೆಯೇ ಮನಾಲಿಯಿಂದ ಲಾಹೌಲ್ ತಲುಪಬಹುದಾಗಿದೆ. ಹಾಗಾಗಿ ಚಳಿಗಾಲದಲ್ಲೂ ಅತ್ತ ಪ್ರವಾಸಿಗರ ಕಾರುಗಳು ನುಗ್ಗುತ್ತಿವೆ. ಸುರಂಗದ ಎರಡೂ ಬಾಯಿಗಳು 3,000 ಮೀಟರ್‌ಗಿಂತ ಎತ್ತರದಲ್ಲಿವೆ ಮತ್ತು ಅಲ್ಲಿನ ರಸ್ತೆಯಲ್ಲಿ ಹಿಮ ಗಟ್ಟಿಯಾಗಿರುತ್ತದೆ.

ಚಿಕ್ಕಬಳ್ಳಾಪುರದಿಂದ ಹೊರಟವರು ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಬಯಲು ಸೀಮೆಯ ಹೆದ್ದಾರಿ ದಾಟಿ, ಕೊನೆಯ ಕೆಲವೇ ಕಿಲೋಮೀಟರ್ ಹಿಮದಲ್ಲಿ ಓಡಿಸುತ್ತಾರೆ. ಅಷ್ಟಕ್ಕಾಗಿ ಇಲ್ಲಿಂದಲೇ ಚಳಿಗಾಲದ ಟೈರ್ ಹಾಕಿಸುವುದು ಅರ್ಥಹೀನ. ಅವರ ಮುಂದೆ ಮೂರು ದಾರಿಗಳಿವೆ.

ಮೊದಲನೆಯದು ಎಲ್ಲಕ್ಕಿಂತ ಸುರಕ್ಷಿತ. ಸ್ವಂತ ಕಾರನ್ನು ಹಿಮವಿಲ್ಲದ ಊರಿನಲ್ಲಿ ಬಿಟ್ಟು, ಮುಂದಕ್ಕೆ ಸ್ಥಳೀಯ ಚಾಲಕರ ಟ್ಯಾಕ್ಸಿ ಹಿಡಿಯುವುದು.

ಎರಡನೆಯದು ಹಿಮ ಸರಪಳಿ. ಡಿಕ್ಕಿಯಲ್ಲಿ ಇಟ್ಟುಕೊಂಡು, ಹಿಮ ಕಂಡಾಗ ಎಂಜಿನ್ ತಿರುಗಿಸುವ ಚಕ್ರಗಳಿಗೆ ತೊಡಿಸಬೇಕು. ನಮ್ಮ ಬಹುತೇಕ ಸಣ್ಣ ಕಾರುಗಳಲ್ಲಿ ಅವು ಮುಂದಿನ ಚಕ್ರಗಳು. ಸರಪಳಿಯ ಅಳತೆ ಟೈರ್‌ನ ಅಳತೆಗೆ ಸರಿಹೊಂದಬೇಕು, ವೇಗ 40 ಕಿ.ಮೀ. ಮೀರಬಾರದು, ಬರಿಯ ಡಾಂಬರು ಕಂಡೊಡನೆ ಬಿಚ್ಚಬೇಕು. ಕೊರೆಯುವ ಚಳಿಯಲ್ಲಿ ಮೊದಲ ಬಾರಿ ಪ್ರಯತ್ನಿಸುವ ಬದಲು ಮನೆಯಂಗಳದಲ್ಲೇ ಎರಡು ಸಲ ತೊಡಿಸಿ ಬಿಚ್ಚಿ ಅಭ್ಯಾಸ ಮಾಡಿಕೊಳ್ಳಬೇಕು. ಕಾಶ್ಮೀರದ ತಂಗ್‌ಮಾರ್ಗ್ ಮತ್ತು ಗುಲ್ಮಾರ್ಗ್ ನಡುವೆ ಹಿಮ ಬಿದ್ದ ದಿನಗಳಲ್ಲಿ ಸರಪಳಿಯಿಲ್ಲದ ವಾಹನಗಳನ್ನು ಪೊಲೀಸರು ತಡೆಯುತ್ತಾರೆ.

ಮೂರನೆಯದು, ಶಿಖರ ಮತ್ತು ಹಿಮಹರಳಿನ ಚಿಹ್ನೆಯಿರುವ ಎಲ್ಲ ಋತುವಿನ ಅಥವಾ ಎಲ್ಲ ನೆಲದ ಟೈರ್. ವರ್ಷಕ್ಕೆ ಎರಡು ಮೂರು ಬಾರಿ ಇಂತಹ ಪ್ರವಾಸ ಮಾಡುವ ಜೀಪ್ ಮಾದರಿಯ ವಾಹನಗಳಿಗೆ ಇದು ಒಗ್ಗುತ್ತದೆ. ಆದರೆ ಬಿಸಿಲ ಹೆದ್ದಾರಿಯಲ್ಲೂ ಗಟ್ಟಿ ಹಿಮದಲ್ಲೂ ಇದು ಮಧ್ಯಮ ದರ್ಜೆಯದೇ.

ಟೈರ್ ಯಾವುದೇ ಇರಲಿ, ನಾಲ್ಕೂ ಚಕ್ರಗಳಿಗೆ ಒಂದೇ ಬಗೆಯದನ್ನು ಹಾಕಬೇಕು. ಮುಂದೆ ಮಾತ್ರ ಹಿಡಿತವಿದ್ದು ಹಿಂದೆ ಇಲ್ಲದಿದ್ದರೆ ತಿರುವಿನಲ್ಲಿ ಕಾರಿನ ಹಿಂಭಾಗ ಬುಗುರಿಯಂತೆ ಸುತ್ತುತ್ತದೆ. ನಾಲ್ಕು ಚಕ್ರ ಚಾಲನೆಯ ವಾಹನವಿದೆ ಎಂಬ ಧೈರ್ಯವೂ ಸಲ್ಲದು. ಅದು ಹೊರಡಲು ನೆರವಾಗುತ್ತದೆ, ನಿಲ್ಲಲು ಅಲ್ಲ.

ಗಾಳಿಯ ಲೆಕ್ಕ

ಉಷ್ಣಾಂಶ 6 ಡಿಗ್ರಿ ಇಳಿದಂತೆ ಟೈರ್‌ನ ಗಾಳಿ ಸುಮಾರು 1 ಪಿಎಸ್‌ಐ ಕಡಿಮೆಯಾಗುತ್ತದೆ. ಎತ್ತರ ಏರಿದಂತೆ ಹೊರಗಿನ ಗಾಳಿಯ ಒತ್ತಡ ತಗ್ಗುವುದರಿಂದ ಮಾಪಕ ತುಸು ಹೆಚ್ಚು ತೋರಿಸುತ್ತದೆ. ನಂದಿಯಂತಹ ಬೆಟ್ಟದಲ್ಲಿ ಇವೆರಡೂ ಒಂದನ್ನೊಂದು ಸರಿದೂಗಿಸುವುದರಿಂದ ಚಿಂತೆಯಿಲ್ಲ. ಇಲ್ಲಿ 25 ಡಿಗ್ರಿಯಲ್ಲಿ 33 ಪಿಎಸ್‌ಐ ತುಂಬಿಸಿ, ಸೊನ್ನೆಗಿಂತ 5 ಡಿಗ್ರಿ ಕೆಳಗಿರುವ 3,000 ಮೀಟರ್ ಎತ್ತರದ ಊರಿಗೆ ಹೋದರೆ ಚಳಿ ಸುಮಾರು 5 ಪಿಎಸ್‌ಐ ಕಳೆಯುತ್ತದೆ, ಎತ್ತರ 3 ಪಿಎಸ್‌ಐ ಕೂಡಿಸುತ್ತದೆ. ಅಲ್ಲಿನ ಬೆಳಿಗ್ಗೆ ವಾಹನ ಹೊರಡಿಸುವ ಮುನ್ನ ಅಳೆದು ಸರಿಪಡಿಸುವುದೇ ಸರಿಯಾದ ಕ್ರಮ. ಗಾಳಿ ಕಡಿಮೆಯಿದ್ದರೆ ಜಾರುವುದಿಲ್ಲ ಎಂಬ ನಂಬಿಕೆಯಿಂದ ಮನಸ್ಸಿಗೆ ಬಂದಷ್ಟು ಬಿಡುವುದು ಅಪಾಯ. ಓಡಿ ಬಿಸಿಯಾದ ಟೈರ್‌ನ ಗಾಳಿ ಹೆಚ್ಚಿದೆಯೆಂದು ಇಳಿಸುವುದೂ ತಪ್ಪು. ನೈಟ್ರೋಜನ್ ತುಂಬಿಸಿದರೆ ಆಗಾಗ ನೋಡಬೇಕಿಲ್ಲ ಎಂಬ ಮಾತಿಗೂ ಆಧಾರವಿಲ್ಲ. ಸಾಮಾನ್ಯ ಗಾಳಿಯಲ್ಲೇ ಶೇ. 78ರಷ್ಟು ನೈಟ್ರೋಜನ್ ಇದೆ.

ಹೊರಡುವ ಮುನ್ನ ಹತ್ತು ನಿಮಿಷ

* ನಾಲ್ಕು ಟೈರ್ ಜೊತೆಗೆ ಸ್ಟೆಪ್ನಿಯ ಗಾಳಿಯನ್ನೂ ತಣ್ಣಗಿರುವಾಗ ಅಳೆಯಿರಿ. ಸರಿಯಾದ ಅಳತೆ ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಥವಾ ಕೈಪಿಡಿಯಲ್ಲಿರುತ್ತದೆ. ಪೂರ್ಣ ಭಾರಕ್ಕೆ ಬೇರೆ ಅಳತೆ ಸೂಚಿಸಿದ್ದರೆ ಅದನ್ನೇ ಪಾಲಿಸಿ.

* ಕೆಲವು ಹೊಸ ಕಾರುಗಳಲ್ಲಿ ಸ್ಟೆಪ್ನಿಯ ಬದಲು ಪಂಕ್ಚರ್ ಕಿಟ್ ಮಾತ್ರ ಇರುತ್ತದೆ. ನಿಮ್ಮದು ಯಾವುದೆಂದು ಇಂದೇ ನೋಡಿಕೊಳ್ಳಿ.

* ಪಕ್ಕದ ಗೋಡೆಯಲ್ಲಿ ಉಬ್ಬು, ಸೀಳು ಕಂಡರೆ ಬಟನ್ ಎಷ್ಟೇ ಇರಲಿ, ಟೈರ್ ಬದಲಿಸಿ. ಗೋಡೆಯ ಗಾಯಕ್ಕೆ ಪಂಕ್ಚರ್ ಅಂಗಡಿಯಲ್ಲಿ ಮದ್ದಿಲ್ಲ.

* ಒಂದು ಬದಿ ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಮಾಡಿಸಿ, ಅನಂತರವೇ ಹೊಸ ಟೈರ್ ಹಾಕಿಸಿ.

* ಎರಡೇ ಹೊಸ ಟೈರ್ ಕೊಳ್ಳುವುದಾದರೆ ಅವು ಹಿಂದಿನ ಚಕ್ರಗಳಿಗೆ ಇರಲಿ. ಒದ್ದೆ ರಸ್ತೆಯಲ್ಲಿ ಮುಂಭಾಗ ಜಾರಿದರೆ ವೇಗ ತಗ್ಗಿಸಿ ಸಾವರಿಸಿಕೊಳ್ಳಬಹುದು, ಹಿಂಭಾಗ ಜಾರಿದರೆ ಸಾವರಿಸುವುದು ಕಷ್ಟ.

* ಅಂದಕ್ಕಾಗಿ ಅಗಲದ ಟೈರ್ ಹಾಕಿಸುವ ಆಸೆ ಬಿಡಿ. ಅಗಲ ಹೆಚ್ಚಿದಷ್ಟೂ ನೀರಿನ ಮೇಲೆ ತೇಲುವ ಅಪಾಯ ಹೆಚ್ಚು.

ಹೊಸ ಟೈರ್ ಜೋಡಿಯ ಬೆಲೆ ಕೇಳಿ, ಈ ಒಂದು ಪ್ರವಾಸ ಮುಗಿಯಲಿ, ಆಮೇಲೆ ನೋಡೋಣ ಎನ್ನುವವರೇ ಹೆಚ್ಚು. ಸವೆದ ಟೈರ್ ಒಣ ರಸ್ತೆಯಲ್ಲಿ ತನ್ನ ದೋಷ ತೋರಿಸುವುದಿಲ್ಲ. ಅದು ಬಯಲಾಗುವುದು ಮೊದಲ ಮಳೆಗೆ, ಮೊದಲ ತಿರುವಿನಲ್ಲಿ. ಆದ್ದರಿಂದ ಟೈರ್ ನೋಡುವ ಕೆಲಸ ಪ್ರವಾಸಕ್ಕೆ ಮುಂಚೆಯೇ ಮುಗಿದಿರಲಿ.